ಕಂಡದ್ದು, ಕೇಳಿದ್ದು, ಅಂದುಕೊಂಡದ್ದು: ಬಿಳಿಗಿರಿರಂಗನ ಬೆಟ್ಟದ ಹಕ್ಕಿ ವೀಕ್ಷಣೆ ಮತ್ತು ಎಂಟನೇ ತರಗತಿಯ ಒಂದು ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕುಮಾರ ಪಾರ್ಕಿನ ಒಂದು ಅನುದಾನಿತ ಪ್ರೌಢಶಾಲೆ. ಎಂಟನೇ ತರಗತಿ, ಕನ್ನಡ ಮಾಧ್ಯಮ, ಮೂವತ್ತೆಂಟು ಮಕ್ಕಳು. ಫೆಬ್ರುವರಿ ಕೊನೆಯ ವಾರವಾದ್ದರಿಂದ ಪಾಠಗಳೆಲ್ಲ ಮುಗಿದಿದ್ದವು. ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಅಧ್ಯಾಯವನ್ನು ಪುನರಾವರ್ತನೆಯಾಗಿ ತೆಗೆದುಕೊಳ್ಳಿ ಎಂದು ಅಲ್ಲಿನ ಮಾರ್ಗದರ್ಶಿ ಶಿಕ್ಷಕಿ ಹೇಳಿದರು. ಪಠ್ಯಪುಸ್ತಕ ಆ ಅಧ್ಯಾಯವನ್ನು ಮಧ್ಯಪ್ರದೇಶದ ಪಚ್‌ಮಡಿ ಜೀವಗೋಳ ಮೀಸಲು ಪ್ರದೇಶದ ಉದಾಹರಣೆಯೊಂದಿಗೆ ವಿವರಿಸುತ್ತದೆ. ಉದಾಹರಣೆ ಚೆನ್ನಾಗಿದೆ. ಆದರೆ ಶಿವಾನಂದ ವೃತ್ತದಲ್ಲಿ ಬಸ್ಸಿಳಿದು ಬರುವ ಮಕ್ಕಳಿಗೆ ಪಚ್‌ಮಡಿ ಬಹಳ ದೂರದ ಊರು. ಅದರ ಜಾಗದಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನು ಇಟ್ಟುಕೊಂಡೆ. ಅದೇ ತಿಂಗಳ ಮೊದಲ ವಾರ ನಮ್ಮ ಕಾಲೇಜಿನ ಎರಡು ದಿನದ ಪ್ರಕೃತಿ ಶಿಬಿರ ಅಲ್ಲಿ ನಡೆದಿತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ನಲವತ್ತೊಂದು ಹಕ್ಕಿಗಳ ಹೆಸರಿದ್ದವು, ಹಾಗಾಗಿ ಧೈರ್ಯವೂ ಇತ್ತು.

ಆ ನಲವತ್ತೊಂದರಲ್ಲಿ ಎಷ್ಟನ್ನು ನಾನು ನಿಜವಾಗಿ ನೋಡಿದ್ದೆ ಎಂಬುದೇ ಈ ಲೇಖನದ ವಿಷಯ. ‘ವೀಕ್ಷಣೆ’ ಎಂಬ ಪದವನ್ನು ನಾವು ಪ್ರತಿ ಪಾಠ ಯೋಜನೆಯಲ್ಲೂ ಬರೆಯುತ್ತೇವೆ. ಅದರ ಅರ್ಥ ನನಗೆ ತಿಳಿದದ್ದು ಬೆಟ್ಟದ ಮೇಲೆ, ಅದೂ ನನ್ನದೇ ತಪ್ಪಿನಿಂದ.

ಎಲೆ ಉದುರಿಸುವ ಕಾಡು

ಬಿಳಿಗಿರಿರಂಗನ ಬೆಟ್ಟ ಬೆಂಗಳೂರಿನಿಂದ ಸುಮಾರು 180 ಕಿ.ಮೀ. ದೂರ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾಟಿ ಘಾಟಿ ಹತ್ತಬೇಕು. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳ ನಡುವೆ ಸೇತುವೆಯಂತೆ ನಿಂತಿರುವ ಸಾಲು ಇದು. ಬುಡದಲ್ಲಿ ಸುಮಾರು 600 ಮೀಟರ್, ಅತಿ ಎತ್ತರದಲ್ಲಿ 1,800 ಮೀಟರಿನಷ್ಟು. ಈ ಏರಿಳಿತದಿಂದಲೇ ತಪ್ಪಲಲ್ಲಿ ಮುಳ್ಳು ಕುರುಚಲು, ನಡುವೆ ಎಲೆ ಉದುರಿಸುವ ಕಾಡು, ಮೇಲೆ ಶೋಲಾ ಮತ್ತು ಹುಲ್ಲುಗಾವಲು ಒಂದೇ ಬೆಟ್ಟದಲ್ಲಿ ಸಿಗುತ್ತವೆ. 1974ರಲ್ಲಿ ವನ್ಯಜೀವಿಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ 2011ರಲ್ಲಿ ಇಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳೂ ದೊರೆತವು. ಹಕ್ಕಿಗಳ ಜಾತಿ 250ಕ್ಕೂ ಹೆಚ್ಚು.

ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಮನಬಂದಂತೆ ಕಾಡಿನೊಳಗೆ ನಡೆಯುವಂತಿಲ್ಲ. ನಾವು ನೋಡಿದ್ದೆಲ್ಲ ಸೋಲಿಗರ ಪೋಡಿನ ಅಂಚಿನಲ್ಲಿ, ದೇವಸ್ಥಾನದ ಕಡೆ ಹೋಗುವ ಡಾಂಬರು ರಸ್ತೆಯ ಬದಿಯಲ್ಲಿ. ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದ್ದವರು ಇದನ್ನು ಗಮನಿಸಬೇಕು. ಅಷ್ಟೇ ಜಾಗದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ.

ಮತ್ತಿ, ದಿಂಡಿಗ, ಹೊನ್ನೆ, ತಾರೆ ಮುಂತಾದ ಮರಗಳು ಒಣಗಾಲದಲ್ಲಿ ಎಲೆ ಉದುರಿಸಿ ನೀರನ್ನು ಉಳಿಸಿಕೊಳ್ಳುತ್ತವೆ ಎಂದು ನಾವು ಒಂದು ವಾಕ್ಯದಲ್ಲಿ ಪಾಠ ಮಾಡಿ ಮುಗಿಸುತ್ತೇವೆ. ಹಕ್ಕಿ ನೋಡುವವರಿಗೆ ಆ ಒಂದು ವಾಕ್ಯದಿಂದ ಎರಡು ಪರಿಣಾಮಗಳಿವೆ. ಒಂದು, ಮರ ಬೋಳಾದಾಗ ಕೊಂಬೆಯ ಮೇಲೆ ಕೂತದ್ದು ಕಾಣುತ್ತದೆ. ಜೊತೆಗೆ ಮುತ್ತುಗ, ಬೂರುಗ ಎಲೆಯಿಲ್ಲದೆ ಬರೀ ಹೂವಾಗಿ ನಿಂತಿರುತ್ತವೆ. ಬೂರುಗದ ದಪ್ಪ ಕೆಂಪು ಹೂವಿನಲ್ಲಿ ಮಕರಂದ ಹೇರಳ. ಗೊರವಂಕ, ಪಿಕಳಾರ, ಕಾಜಾಣ, ಗಿಳಿ ಎಲ್ಲವೂ ಬೆಳಗ್ಗೆ ಅಲ್ಲಿ ಜಮಾಯಿಸುತ್ತವೆ, ಹೋಗುವಾಗ ಮುಖಕ್ಕೆ ಪರಾಗ ಮೆತ್ತಿಕೊಂಡು ಹೋಗುತ್ತವೆ. ಪರಾಗಸ್ಪರ್ಶಕ್ಕೆ ಜೇನ್ನೊಣವೊಂದೇ ಉದಾಹರಣೆ ಕೊಡುವ ಅಭ್ಯಾಸವನ್ನು ನಾನು ಅಂದೇ ಬಿಟ್ಟೆ.

ಎರಡನೆಯ ಪರಿಣಾಮ ಕಿವಿಗೆ ಸಂಬಂಧಿಸಿದ್ದು. ನೆಲದ ಮೇಲೆ ಬಿದ್ದ ತರಗೆಲೆ ಎಲ್ಲ ಸದ್ದನ್ನೂ ದೊಡ್ಡದು ಮಾಡುತ್ತದೆ. ಮೊದಲ ದಿನ ಸಂಜೆ ಪೋಡಿನ ಬೇಲಿಯಾಚೆ ಚರಚರ ಸದ್ದಾದಾಗ ನಮ್ಮಲ್ಲಿ ಒಬ್ಬರು ‘ಆನೆ’ ಎಂದರು, ಎಂಟು ಜನ ಹಿಂದೆ ಸರಿದೆವು. ಹೊರಗೆ ಬಂದದ್ದು ಒಂದು ಕಾಡುಕೋಳಿ. ಕಾಲಿನಿಂದ ತರಗೆಲೆ ಕೆದರಿ ಹುಳ ಹುಡುಕುತ್ತಿತ್ತು. ನಗು ಬಂತು. ಸದ್ದು ಕೇಳಿದ್ದು ನಿಜ, ಆನೆ ಮಾತ್ರ ನಾವೇ ಸೇರಿಸಿದ್ದು. ಆದರೆ ಆಗ ಯಾರೂ ಆ ದೃಷ್ಟಿಯಿಂದ ಯೋಚಿಸಲಿಲ್ಲ.

ಭೀಮರಾಜ

ಮರುದಿನ ಬೆಳಗ್ಗೆ ಆರೂಕಾಲಕ್ಕೆ ಹೊರಟೆವು. ಹನ್ನೆರಡು ಜನಕ್ಕೆ ಒಂದೇ ದುರ್ಬೀನು. ನಮ್ಮೊಡನೆ ಬಂದವರು ಪೋಡಿನ ಒಬ್ಬ ಸೋಲಿಗ ಹಿರಿಯರು, ನಾವೆಲ್ಲ ಅಜ್ಜ ಎಂದು ಕರೆಯುತ್ತಿದ್ದೆವು. ಹಕ್ಕಿ ಗುರುತಿಸುವ ಬಗೆಯನ್ನು ನಮ್ಮ ಉಪನ್ಯಾಸಕರು ಹಿಂದಿನ ರಾತ್ರಿಯೇ ಹೇಳಿಕೊಟ್ಟಿದ್ದರು. ಮೊದಲು ಗಾತ್ರ: ಗುಬ್ಬಿಗಿಂತ ಚಿಕ್ಕದೇ, ಗೊರವಂಕದಷ್ಟೇ, ಕಾಗೆಗಿಂತ ದೊಡ್ಡದೇ? ಆಮೇಲೆ ಆಕಾರ, ಕೊಕ್ಕು, ಬಾಲ. ಆಮೇಲೆ ಎಲ್ಲಿ ಕೂತಿದೆ, ಏನು ಮಾಡುತ್ತಿದೆ. ಬಣ್ಣ ಕೊನೆಗೆ, ಏಕೆಂದರೆ ಬೆಳಗಿನ ಬಿಸಿಲು ಹಕ್ಕಿಯ ಹಿಂದಿನಿಂದ ಬಂದರೆ ಎಲ್ಲ ಹಕ್ಕಿಯೂ ಕಪ್ಪೇ. ಈ ಕೊನೆಯ ಮಾತು ಎಷ್ಟು ಉಪಯೋಗಕ್ಕೆ ಬಂತೆಂದು ಹೇಳತೀರದು.

ಮುಕ್ಕಾಲು ಗಂಟೆ ಏನೂ ಸಿಗಲಿಲ್ಲ. ಇಂಥ ಕಾಡಿನಲ್ಲಿ ಹೊಸಬರಿಗೆ ಬೇಸರ ತರುವುದು ಇದೇ. ಅರ್ಧ ಗಂಟೆ ಮೌನ, ಆಮೇಲೆ ಒಮ್ಮೆಲೇ ಇಪ್ಪತ್ತು ಮೂವತ್ತು ಹಕ್ಕಿಗಳು. ಬೇರೆ ಬೇರೆ ಜಾತಿಯವು ಸೇರಿ ಒಂದು ಗುಂಪಾಗಿ ಕಾಡಿನಲ್ಲಿ ಮೇಯುತ್ತ ಸಾಗುವುದೇ ಇದಕ್ಕೆ ಕಾರಣ. ಮರಕುಟಿಗ ಮತ್ತು ಮರಗುಬ್ಬಿ ಕಾಂಡದ ಮೇಲೆ, ಮಧುರಕಂಠ ಎಲೆಗಳ ನಡುವೆ, ಚಿತ್ರಪಕ್ಷಿ ಮರದ ನೆತ್ತಿಯಲ್ಲಿ, ಹರಟೆಮಲ್ಲಗಳು ಕೆಳಗೆ ಪೊದೆಯಲ್ಲಿ. ಒಂದೇ ಮರದಲ್ಲಿ ಒಂದೊಂದಕ್ಕೆ ಒಂದೊಂದು ಅಂತಸ್ತು, ಆದ್ದರಿಂದ ಜಗಳ ಕಡಿಮೆ. ಕಣ್ಣುಗಳು ಹೆಚ್ಚಾದಷ್ಟೂ ಅಪಾಯ ಬೇಗ ಗೊತ್ತಾಗುತ್ತದೆ. ಗಿಡುಗ ಬಂದರೆ ಯಾರಾದರೂ ಒಬ್ಬರು ನೋಡಿಯೇ ನೋಡುತ್ತಾರೆ. ಈ ಗುಂಪಿನ ಹಿಂದೆ ಮುಂದೆ ಸುಳಿದಾಡುವುದು ಕಾಜಾಣದ ಜಾತಿ. ಉಳಿದವು ಎಲೆ, ತೊಗಟೆ ಕೆದಕಿದಾಗ ಎದ್ದು ಹಾರುವ ಹುಳಗಳನ್ನು ಅದು ಗಾಳಿಯಲ್ಲೇ ಹಿಡಿಯುತ್ತದೆ.

ಏಳು ಗಂಟೆಯ ಹೊತ್ತಿಗೆ ಅಂಥ ಒಂದು ಗುಂಪು ರಸ್ತೆಯ ಪಕ್ಕಕ್ಕೆ ಬಂತು. ಅದರ ನಡುವಿನಿಂದ ಎರಡು ಸ್ವರದ ಚೂಪಾದ ಕೂಗು ಕೇಳಿತು. ನನಗೆ ಅದು ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲೂ ಮರಗಳಿರುವ ಕಡೆ ಶಿಕ್ರ ಎಂಬ ಸಣ್ಣ ಗಿಡುಗವಿದೆ, ಕುಮಾರ ಪಾರ್ಕಿನ ಹಳೇ ಬಂಗಲೆಗಳ ಮರಗಳ ಮೇಲಿಂದ ಅದರ ಕೂಗು ಎಷ್ಟೋ ಸಲ ಕೇಳಿದ್ದೇನೆ. ‘ಶಿಕ್ರ, 1’ ಎಂದು ಪುಸ್ತಕದಲ್ಲಿ ಬರೆದೆ. ಬರೆದದ್ದನ್ನು ಗೆಳತಿಯರಿಗೆ ಹೇಳಿದೆ, ಅವರೂ ಬರೆದುಕೊಂಡರು.

ಅಜ್ಜ ನನ್ನ ಕಡೆ ತಿರುಗಿ, “ಏನು ಬರ‍್ಕಂಡೆ ಕಣವ್ವ?” ಎಂದರು.

“ಗಿಡುಗ, ಅಜ್ಜ.”

“ಕಂಡ್ಯಾ?”

“ಇಲ್ಲ, ಕೂಗಿತಲ್ಲ.”

“ಹಂಗಾರೆ ಕೂಗು ಕೇಳ್ತು ಅಂತ ಬರಿ.”

ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. ಗಿಡುಗ ಬಂದಿದ್ದರೆ ಈ ಸಣ್ಣ ಹಕ್ಕಿಗಳೆಲ್ಲ ಹೀಗೆ ತಿಂದುಕೊಂಡು ಇರುತ್ತಿದ್ದವೇ ಎಂದು ಕೇಳಿದರು. ನೋಡಿದರೆ ಚಿತ್ರಪಕ್ಷಿಗಳು ತಮ್ಮ ಪಾಡಿಗೆ ತಾವಿದ್ದವು. ಮರಗುಬ್ಬಿ ತಲೆಕೆಳಗಾಗಿ ಕಾಂಡ ಇಳಿಯುತ್ತಿತ್ತು. ಮತ್ತೆ ಅದೇ ಕೂಗು. ಈ ಸಲ ಅಜ್ಜ ಬೆರಳು ತೋರಿದ ಕಡೆ ಒಂದು ಕಪ್ಪು ಹಕ್ಕಿ ಕೊಂಬೆಯಿಂದ ಹಾರಿತು. ಬಾಲದಿಂದ ಎರಡು ಉದ್ದ ತಂತಿ, ಅವುಗಳ ತುದಿಯಲ್ಲಿ ಎರಡು ಪುಟ್ಟ ಗರಿಬಿಲ್ಲೆ. ಹಾರುವಾಗ ಎರಡು ದುಂಬಿಗಳು ಅಟ್ಟಿಸಿಕೊಂಡು ಬಂದಂತೆ ಕಂಡಿತು. ಭೀಮರಾಜ. ಕೂಗಿದ್ದೆಲ್ಲ ಅದೇ.

ಭೀಮರಾಜ ಕಾಜಾಣದ ಬಳಗದ ಹಕ್ಕಿ. ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವುದರಲ್ಲಿ ಎತ್ತಿದ ಕೈ. ಏಕೆ ಅನುಕರಿಸುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಈಬನ್ ಗುಡೇಲ್ ಮತ್ತು ಸರತ್ ಕೊಟಗಮ ಈ ಬಳಗದ ಹಕ್ಕಿಗಳ ಧ್ವನಿ ಮುದ್ರಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಎರಡು ಸಂಗತಿ ಹೊರಬಂದವು. ಅಪಾಯದ ಸನ್ನಿವೇಶದಲ್ಲಿ ಅವು ಬೇಟೆಗಾರ ಹಕ್ಕಿಗಳ ಕೂಗನ್ನೂ ಇತರ ಹಕ್ಕಿಗಳ ಎಚ್ಚರಿಕೆಯ ಕೂಗನ್ನೂ ಅನುಕರಿಸುತ್ತವೆ. ಜೊತೆಗೆ, ಅನುಕರಣೆ ಸೇರಿದ ಧ್ವನಿಯನ್ನು ಕಾಡಿನಲ್ಲಿ ಕೇಳಿಸಿದಾಗ ಗುಂಪಿನ ಇತರ ಜಾತಿಗಳು ಹೆಚ್ಚು ಹತ್ತಿರ ಬರುತ್ತವೆ. ಮೇಯುವ ಗುಂಪು ಸೇರಿದರೆ ಭೀಮರಾಜನಿಗೆ ಹುಳ ಸಿಗುವುದು ಸುಲಭ ಎಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಬಿಳಿಗಿರಿರಂಗನ ಬೆಟ್ಟದ ಭೀಮರಾಜಗಳನ್ನೇ ಸಮೀರಾ ಅಗ್ನಿಹೋತ್ರಿ ಮತ್ತು ಸಹೋದ್ಯೋಗಿಗಳು ಅಧ್ಯಯನ ಮಾಡಿದ್ದಾರೆ. ಅವರ 2014ರ ಪ್ರಬಂಧ ಎತ್ತಿಕೊಂಡ ಪ್ರಶ್ನೆ ನನಗೆ ಬಹಳ ಹಿಡಿಸಿತು: ಒಂದು ಕೂಗು ಅನುಕರಣೆ ಹೌದೋ ಅಲ್ಲವೋ ಎಂದು ನಿರ್ಧರಿಸುವುದು ಹೇಗೆ? ಮನುಷ್ಯರ ಕಿವಿ ಕೊಟ್ಟ ತೀರ್ಪನ್ನೂ ಗಣಕಯಂತ್ರದ ಲೆಕ್ಕವನ್ನೂ ಅವರು ಹೋಲಿಸಿ ನೋಡಿದರು. ವಿಜ್ಞಾನಿಗಳೇ ‘ನನ್ನ ಕಿವಿಗೆ ಹಾಗೆ ಕೇಳಿತು’ ಎಂಬಲ್ಲಿಗೆ ನಿಲ್ಲುವುದಿಲ್ಲ. ನಾನು ಎರಡು ಸ್ವರ ಕೇಳಿ ಪೆನ್ನು ತೆಗೆದಿದ್ದೆ.

ಒಂದು ಹಳೆಯ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು, ಈ ಬೆಟ್ಟಸಾಲೂ ಅದರಲ್ಲಿ ಸೇರಿತ್ತು. ಫಲಿತಾಂಶ 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಆ ಕಾಲದಲ್ಲಿ ದಾಖಲೆ ಎಂದರೆ ಹಕ್ಕಿಯನ್ನು ಹೊಡೆದು, ಚರ್ಮ ಹದಮಾಡಿ, ಚೀಟಿ ಕಟ್ಟಿ ಇಡುವುದು. ಇಂದು ಹೊಡೆಯುವುದಿಲ್ಲ, ಒಳ್ಳೆಯದೇ ಆಯಿತು. ಆದರೆ ಕೈಯಲ್ಲಿ ಹಕ್ಕಿ ಇಲ್ಲದಿರುವಾಗ ಪುಸ್ತಕದಲ್ಲಿರುವ ಅಕ್ಷರವೇ ಸಾಕ್ಷಿ. ಅದು ಸುಳ್ಳಾದರೆ ಬೇರೆ ಏನೂ ಉಳಿಯುವುದಿಲ್ಲ.

ಕೆಂಪು ಪೆನ್ನು

ಆ ದಿನ ಮಧ್ಯಾಹ್ನ ಶಿಬಿರದ ಜಗಲಿಯಲ್ಲಿ ಕೂತು ನನ್ನ ಪಟ್ಟಿಯ ಮೇಲೆ ಕೆಂಪು ಪೆನ್ನು ಆಡಿಸಿದೆ. ನಾನೇ ಕಣ್ಣಾರೆ ಕಂಡು, ಗುರುತೂ ಹಿಡಿದದ್ದು ಇಪ್ಪತ್ತಮೂರು. ಕೂಗು ಮಾತ್ರ ಕೇಳಿದ್ದು ಒಂಬತ್ತು. ಪಕ್ಕದವರು ‘ಅಲ್ಲಿದೆ’ ಎಂದಾಗ ಕೊಂಬೆ ಅಲುಗಿದ್ದು ಕಂಡು ಬರೆದುಕೊಂಡದ್ದು ಆರು. ಉಳಿದ ಮೂರು, ಹೇಳಲು ನಾಚಿಕೆ, ‘ಇಂಥ ಕಾಡಿನಲ್ಲಿ ಇದು ಇರಲೇಬೇಕು’ ಎಂದು ಪುಸ್ತಕ ನೋಡಿ ಸೇರಿಸಿದ್ದು.

ಗುಂಪಿನ ಒಟ್ಟು ಪಟ್ಟಿ ಐವತ್ತೆಂಟಕ್ಕೆ ಮುಟ್ಟಿತ್ತು. ಅದನ್ನು ಕಾಲೇಜಿನ ಫಲಕಕ್ಕೆ ಹಾಕುವ ಮಾತೂ ಆಗಿತ್ತು. ಎಲ್ಲರೂ ತಮ್ಮ ಪಟ್ಟಿಯನ್ನು ಹೀಗೆ ಸೋಸಬೇಕು ಎಂದಾಗ ಯಾರಿಗೂ ಖುಷಿಯಾಗಲಿಲ್ಲ. “ಎಲ್ಲರೂ ಬರೆಯೋದು ಹೀಗೇ, ಸುಮ್ಮನಿರೇ” ಎಂದಳು ನನ್ನ ಆಪ್ತ ಗೆಳತಿಯೇ. ಉಪನ್ಯಾಸಕರು ಪಟ್ಟಿಯನ್ನು ತಿದ್ದಲೂ ಹೇಳಲಿಲ್ಲ, ಬಿಡಲೂ ಹೇಳಲಿಲ್ಲ. ಪ್ರತಿ ಹೆಸರಿನ ಮುಂದೆ ಕಂಡದ್ದಕ್ಕೆ ‘ಕ’, ಕೇಳಿದ್ದಕ್ಕೆ ‘ಕೇ’ ಎಂದು ಗುರುತು ಹಾಕಿ, ಎರಡೂ ಇಲ್ಲದ್ದನ್ನು ಬಿಟ್ಟುಬಿಡಿ ಎಂದರು. ಐವತ್ತೆಂಟು ನಲವತ್ತಾಯಿತು. ಶಿಕ್ರದ ಮುಂದೆ ಏನೂ ಬರೆಯಲಾಗದೆ ಅದೂ ಹೋಯಿತು.

ನಿಜವಾದ ಇರಿತ ಬಿದ್ದದ್ದು ಬೆಂಗಳೂರಿಗೆ ಬಂದ ಮೇಲೆ. ಬೋಧನಾಭ್ಯಾಸದ ದಾಖಲೆ ಪುಸ್ತಕ ತೆರೆದೆ. ಏಳನೇ ಪಾಠದ ಕೊನೆಯಲ್ಲಿ ‘ಶೇ. 90ರಷ್ಟು ವಿದ್ಯಾರ್ಥಿಗಳು ಉದ್ದೇಶವನ್ನು ಸಾಧಿಸಿದ್ದಾರೆ’ ಎಂದಿದೆ, ನನ್ನದೇ ಅಕ್ಷರ. ಆ ವಾಕ್ಯವನ್ನು ನಾನು ಪಾಠದ ಹಿಂದಿನ ರಾತ್ರಿ ಬರೆದಿದ್ದೆ. ‘ನಿರೀಕ್ಷಿತ ಉತ್ತರ’ ಎಂಬ ಅಂಕಣವನ್ನು ಮುಂಚೆ ತುಂಬುವುದು ಸರಿಯೇ, ಅದರ ಹೆಸರೇ ನಿರೀಕ್ಷಿತ. ಆದರೆ ಫಲಿತಾಂಶ? ಸಹಪಾಠಿಗಳ ಪಾಠ ವೀಕ್ಷಣೆಯ ಹಾಳೆಗಳನ್ನೂ ನೋಡಿದೆ. ಹನ್ನೊಂದು ಹಾಳೆಗಳಲ್ಲಿ ಹತ್ತರಲ್ಲಿ ‘ವಿದ್ಯಾರ್ಥಿಗಳು ಆಸಕ್ತಿಯಿಂದ ಆಲಿಸಿದರು’. ಆಸಕ್ತಿಯನ್ನು ನಾನು ಎಲ್ಲಿ ಕಂಡೆ? ಮಕ್ಕಳು ಕೈಕಟ್ಟಿ ಕೂತಿದ್ದರು, ಅದು ಕಂಡದ್ದು. ಇಬ್ಬರು ಕಿಟಕಿಯಾಚೆ ನೋಡುತ್ತಿದ್ದರು, ಅದೂ ಕಂಡದ್ದು, ಆದರೆ ಬರೆದಿರಲಿಲ್ಲ. ಆಸಕ್ತಿ ನಾನು ಸೇರಿಸಿದ ಆನೆ.

ಮೂರು ಅಂಕಣ

ಪಾಠವನ್ನು ಹೊಸದಾಗಿ ಬರೆದೆ. ನಾವು ಬಳಸುವ ಐದು ಹಂತದ ಮಾದರಿಯಲ್ಲೇ ಇದೆ. ಅನ್ವೇಷಣೆಯ ಹಂತಕ್ಕೆ ಹನ್ನೆರಡು ನಿಮಿಷ ಮಕ್ಕಳನ್ನು ಶಾಲೆಯ ಅಂಗಳಕ್ಕೆ ಕರೆದೊಯ್ಯುವುದು ಹೊಸದು. ಅಂಗಳದಲ್ಲಿರುವುದು ಒಂದು ದೊಡ್ಡ ಮಳೆಮರ, ಎರಡು ಹೊಂಗೆ. ಪಕ್ಕದ ನಿವೇಶನದಲ್ಲಿ ಹಳೆಯ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಬೆಟ್ಟದ ಪಾಠಕ್ಕೆ ಇದೆಂಥ ಜಾಗ ಎನ್ನಬಹುದು, ಆದರೆ ಎಲೆ ಉದುರಿಸಿ ನಿಂತ ಮರ ಮತ್ತು ಗದ್ದಲ ಎರಡೂ ಇಲ್ಲಿಯೂ ಇವೆ. ಮಕ್ಕಳಿಗೆ ಹಾಳೆಯಲ್ಲಿ ಮೂರು ಅಂಕಣ ಎಳೆಯಲು ಹೇಳಿದೆ: ಕಂಡದ್ದು, ಕೇಳಿದ್ದು, ಅನುಮಾನ.

ಮೂರನೆಯ ಅಂಕಣಕ್ಕೆ ‘ಅನುಮಾನ’ ಎಂದು ಹೆಸರಿಟ್ಟದ್ದು ನನ್ನ ಪಾಂಡಿತ್ಯ ಪ್ರದರ್ಶನ. ನ್ಯಾಯಶಾಸ್ತ್ರದಲ್ಲಿ ಅನುಮಾನ ಎಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂಬುದು ಹಳೆಯ ಉದಾಹರಣೆ. ಮಂಜನ್ನೇ ಹೊಗೆ ಎಂದು ತಿಳಿದರೆ ಏನಾಗುತ್ತದೆ ಎಂದೂ ಆ ಪಂಡಿತರು ಚರ್ಚಿಸಿದ್ದಾರೆ. ಆದರೆ ನಮ್ಮ ಆಡುಮಾತಿನಲ್ಲಿ ಅನುಮಾನ ಎಂದರೆ ಸಂಶಯ. ಮಕ್ಕಳು ಆ ಅರ್ಥದಲ್ಲೇ ತುಂಬಿದರು. ‘ನನಗೆ ಅನುಮಾನ, ಅದು ಗಿಳಿ ಅಲ್ಲ.’ ‘ಅನುಮಾನ, ಒಂದೇ ಹದ್ದು ಎರಡು ಸಲ ಬಂತು.’ ನಾನು ಕೇಳಿದ್ದು ತೀರ್ಮಾನ, ಅವರು ಕೊಟ್ಟದ್ದು ಸಂಶಯ. ಓದುತ್ತ ಓದುತ್ತ ನನ್ನ ಪ್ರಶ್ನೆಗಿಂತ ಅವರ ಉತ್ತರವೇ ಮೇಲು ಅನ್ನಿಸಿತು. ಆದರೂ ಗೊಂದಲ ಬೇಡವೆಂದು ಮುಂದಿನ ತರಗತಿಗೆ ಅಂಕಣವನ್ನು ‘ಅಂದುಕೊಂಡದ್ದು’ ಎಂದು ಬದಲಾಯಿಸಿ, ‘ಸಂಶಯ’ ಎಂಬ ನಾಲ್ಕನೆಯದನ್ನು ಸೇರಿಸಿದೆ. ಪ್ರಯತ್ನಿಸುವವರು ಮೊದಲಿನಿಂದಲೇ ನಾಲ್ಕು ಇಟ್ಟುಕೊಳ್ಳಬಹುದು.

ಹದ್ದುಗಳ ವಿಷಯ ಹೇಳಬೇಕು. ಎಷ್ಟು ಹದ್ದು ಎಂದು ಕೇಳಿದ್ದಕ್ಕೆ ಉತ್ತರಗಳು ಎರಡರಿಂದ ಹನ್ನೊಂದರವರೆಗೆ ಬಂದವು. ಹನ್ನೊಂದು ಎಂದವನು ಸುಳ್ಳು ಹೇಳಿರಲಿಲ್ಲ. ಮರದ ಹಿಂದಿನಿಂದ ಪ್ರತಿ ಸಲ ಬಂದದ್ದನ್ನೂ ಲೆಕ್ಕ ಹಾಕಿದ್ದ. ‘ಒಂದೇ ಸಲಕ್ಕೆ ಆಕಾಶದಲ್ಲಿ ಅತಿ ಹೆಚ್ಚು ಎಷ್ಟು ಕಂಡವು?’ ಎಂದು ಪ್ರಶ್ನೆ ಬದಲಿಸಿದೆ. ಆಗ ಎಲ್ಲರೂ ಮೂರು ಎಂಬಲ್ಲಿಗೆ ಬಂದು ನಿಂತರು. ಕಡಿಮೆ ಎಂದರೆ ಮೂರು ಇವೆ, ಹೆಚ್ಚಿರಬಹುದು ಎಂದು ಹೇಳುವುದನ್ನು ಅವರೇ ಕಂಡುಕೊಂಡರು. ಹಕ್ಕಿ ಗಣತಿಯಲ್ಲಿ ಎರಡೆರಡು ಸಲ ಎಣಿಸದಿರಲು ಬಳಸುವ ಸರಳ ಉಪಾಯ ಇದೇ.

ಚರ್ಚೆ ಕಾವೇರಿದ್ದು ‘ಟಕ್ ಟಕ್’ ಸದ್ದಿನ ಮೇಲೆ. ಬಹುತೇಕ ಎಲ್ಲರೂ ಅದನ್ನು ಕೇಳಿದ್ದರು. ನಾನು ಪೀಠಿಕೆಯಲ್ಲಿ ಕಂಚುಕುಟಿಗದ ಚಿತ್ರ ತೋರಿಸಿದ್ದೆ. ಹಸಿರು ಮೈ, ಹಣೆ ಮತ್ತು ಎದೆಯ ಮೇಲೆ ಕೆಂಪು ಮಚ್ಚೆಯ ಆ ಪುಟ್ಟ ಹಕ್ಕಿ ಕಂಚುಗಾರ ಪಾತ್ರೆ ಬಡಿದಂತೆ ಒಂದೇ ಸಮ ಕೂಗುತ್ತದೆ ಎಂದೂ ಹೇಳಿದ್ದೆ. ಇಪ್ಪತ್ತಾರು ಮಕ್ಕಳು ‘ಕಂಚುಕುಟಿಗ’ ಎಂದು ಬರೆದರು. ನಾನೇ ಬಾಯಿಗೆ ತುರುಕಿದ ಉತ್ತರ ಅದು. ಹಿಂದಿನ ಬೆಂಚಿನ ಒಬ್ಬ ಹುಡುಗಿ ‘ಕೇಳಿದ್ದು’ ಅಂಕಣದಲ್ಲಿ ‘ಟಕ್ ಟಕ್’ ಎಂದು ಬರೆದು, ಮೂರನೆಯದರಲ್ಲಿ ‘ಹಕ್ಕಿ ಇರಬಹುದು, ಪಕ್ಕದ ಕಟ್ಟಡದ ಸುತ್ತಿಗೆ ಇರಬಹುದು’ ಎಂದು ಬರೆದಿದ್ದಳು. ಅವಳ ತಂದೆ ಗಾರೆ ಕೆಲಸದವರು. ಕಂಬಿ ಬಗ್ಗಿಸುವ ಸದ್ದು ಅವಳಿಗೆ ಚೆನ್ನಾಗಿ ಗೊತ್ತು.

ಇನ್ನು ಗದ್ದಲವೇ. ಹಕ್ಕಿ, ಸುತ್ತಿಗೆ ಎಂದು ತರಗತಿ ಎರಡು ಪಕ್ಷವಾಯಿತು. ಪರೀಕ್ಷಿಸುವುದು ಹೇಗೆ ಎಂದು ಕೇಳಿದೆ. ಒಬ್ಬ ಕೈಗಡಿಯಾರ ನೋಡಿ ಎಣಿಸಿದ. ಹದಿನೈದು ಸೆಕೆಂಡಿಗೆ ಇಪ್ಪತ್ತೆಂಟು, ಅಂದರೆ ನಿಮಿಷಕ್ಕೆ ನೂರಹನ್ನೆರಡು. ಕಂಚುಕುಟಿಗ ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಕೂಗುವುದು ಸಾಮಾನ್ಯ. ಆದರೆ ಚುರುಕಿನ ಕೆಲಸಗಾರನೂ ಆ ವೇಗದಲ್ಲಿ ಬಡಿಯಬಲ್ಲ ಎಂದಳು ಅದೇ ಹುಡುಗಿ. ಸುತ್ತಿಗೆಯಾದರೆ ನಡುವೆ ತಪ್ಪುತ್ತದೆ, ಹಕ್ಕಿಯಾದರೆ ತಪ್ಪದೆ ಸಾಗುತ್ತದೆ ಎಂದ ಇನ್ನೊಬ್ಬ. ಸದ್ದು ಬರುವ ದಿಕ್ಕು ನೋಡೋಣ ಎಂದರೆ ಅದೂ ಸುಲಭವಲ್ಲ. ಆ ಹಕ್ಕಿ ಕೂಗುವಾಗ ತಲೆ ಅತ್ತಿತ್ತ ತಿರುಗಿಸುವುದರಿಂದ ದಿಕ್ಕು ಬದಲಾದಂತೆ ಕೇಳುತ್ತದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಾನು ಒಯ್ದಿದ್ದ ಬಿಳಿಗಿರಿರಂಗನ ಬೆಟ್ಟದ ಆಹಾರ ಜಾಲದ ಚಾರ್ಟು ಸುತ್ತಿದ ಹಾಗೆಯೇ ಮೂಲೆಯಲ್ಲಿ ಉಳಿಯಿತು. ಯೋಜನೆಯ ನಾಲ್ಕು ಉದ್ದೇಶಗಳಲ್ಲಿ ಎರಡನ್ನು ಮುಟ್ಟಲೇ ಇಲ್ಲ. ಮಾರ್ಗದರ್ಶಿ ಶಿಕ್ಷಕಿ ‘ಸಮಯ ನಿರ್ವಹಣೆ ಸುಧಾರಿಸಬೇಕು’ ಎಂದು ಬರೆದರು. ನ್ಯಾಯವಾದ ಮಾತು. ಹೊರಗೆ ಹೋಗಿ ಬರುವುದಕ್ಕೇ ಆರು ನಿಮಿಷ ಹಿಡಿಯುತ್ತದೆ ಎಂದು ನಾನು ಲೆಕ್ಕ ಹಾಕಿರಲಿಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಹೊರಾಂಗಣ ವೀಕ್ಷಣೆ ಮತ್ತು ಚಾರ್ಟು ಎರಡೂ ಹಿಡಿಸುವುದಿಲ್ಲ. ಜೋಡಿ ಅವಧಿ ಸಿಗದಿದ್ದರೆ ಎರಡು ದಿನಕ್ಕೆ ಹಂಚುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಮರುದಿನ ಚಾರ್ಟು ಬಿಚ್ಚಿದಾಗ ಅದರಲ್ಲಿನ ಬಾಣಗಳನ್ನು ತೋರಿಸಿ 'ಇದನ್ನು ಯಾರು ಕಂಡರು ಮಿಸ್?' ಎಂದು ಕೇಳಿದವರು ನಾಲ್ವರು. ಭೀಮರಾಜ ಹುಳ ಹಿಡಿದದ್ದನ್ನು ನಾನು ಕಂಡಿದ್ದೆ, ಆ ಬಾಣಕ್ಕೆ ‘ಕ’ ಎಂದು ಬರೆದೆವು. ಕಡವೆಯಿಂದ ಹುಲಿಗೆ ಎಳೆದ ಬಾಣ ಪುಸ್ತಕದ್ದು. ಅದಕ್ಕೆ ‘ಪು’ ಎಂಬ ಹೊಸ ಗುರುತು ಹುಟ್ಟಿತು.

ಫಲಿತಾಂಶದ ಅಂಕಣದಲ್ಲಿ ಈ ಸಲ ಶೇಕಡಾವಾರು ಬರೆಯಲಿಲ್ಲ. ಕಂಡದ್ದನ್ನೂ ಅಂದುಕೊಂಡದ್ದನ್ನೂ ಬೇರೆ ಬೇರೆ ಅಂಕಣದಲ್ಲಿ ಸರಿಯಾಗಿ ಬರೆದವರು ಮೂವತ್ತೆಂಟರಲ್ಲಿ ಹತ್ತೊಂಬತ್ತು, ಎರಡನ್ನೂ ಬೆರೆಸಿದವರು ಹದಿನಾಲ್ಕು, ಹಾಳೆ ಕೊಡದವರು ಐವರು ಎಂದು ಬರೆದೆ. ಹಾಳೆಗಳನ್ನು ಎಣಿಸಿ ಬರೆದದ್ದು.

ಸೋಮವಾರ ಆ ಹುಡುಗಿ ಬೆಳಗ್ಗೆಯೇ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದಳು. ಭಾನುವಾರ ಕಟ್ಟಡದ ಕೆಲಸಕ್ಕೆ ರಜೆ, ಅದಕ್ಕೇ ತಮ್ಮನನ್ನು ಕರೆದುಕೊಂಡು ಶಾಲೆಯ ಗೇಟಿನ ಹೊರಗೆ ಬಂದು ನಿಂತಿದ್ದಳಂತೆ. ಟಕ್ ಟಕ್ ಸದ್ದು ಆಗಲೂ ಇತ್ತು. “ಸುತ್ತಿಗೆ ಅಲ್ಲ ಮಿಸ್” ಎಂದಳು. ಹಾಗಾದರೆ ಕಂಚುಕುಟಿಗ ಎಂದು ಬರೆಯೋಣವೇ ಎಂದೆ. “ಇನ್ನೂ ಕಂಡಿಲ್ಲ ಮಿಸ್” ಎಂದು ಹಾಳೆ ಮಡಿಚಿ ಬ್ಯಾಗಿಗೆ ಹಾಕಿಕೊಂಡಳು.